ಡೋಲಿನ ಮದ್ದು ಮತ್ತು ಡೋಲು ಬಡಿಯುವವನ ಗಾಯ

ಆಫ್ರಿಕಾದ ಡೋಲಿಗೆ ಬಿಳಿಯರು ಎರಡು ಸಲ ಬೆಲೆ ಕಟ್ಟಿದ್ದಾರೆ. ಮೊದಲ ಸಲ ಬೈಬಲ್ ಹಿಡಿದು ಬಂದವರು ಅದನ್ನು ಸೈತಾನನ ಸದ್ದು ಅಂದರು, ನಿಲ್ಲಿಸಿ ಅಂದರು, ಬಡಿದವನನ್ನು ಚರ್ಚಿನಿಂದ ಹೊರಗಿಟ್ಟರು. ಎರಡನೇ ಸಲ ಅವರ ಮೊಮ್ಮಕ್ಕಳು ಅದೇ ಡೋಲನ್ನು ತಮ್ಮ ನಗರಗಳಿಗೆ ಹೊತ್ತೊಯ್ದು, ತಲೆ ಬಿಸಿಯಾದ ಕಂಪನಿ ಅಧಿಕಾರಿಗಳನ್ನು ಸುತ್ತ ಕೂರಿಸಿ, ಇದು 'ಥೆರಪಿ' ಅಂತ ಹೇಳಿ ಗಂಟೆಗಿಷ್ಟು ಎಂದು ವಸೂಲಿ ಮಾಡಿದರು. ಆ ವ್ಯಾಪಾರ ಈಗ ನಮ್ಮ ಬೆಂಗಳೂರಿಗೂ ಬಂದು ಕೂತಿದೆ. ಬೈದಾಗಲೂ ಕೊಂಡಾಗಲೂ ಡೋಲು ಬಡಿಯುವವನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ನಾವು ಕೇಳಬೇಕಾಗಿದೆ. ಯಾಕೆಂದರೆ ಡೋಲು ಬಡಿಯುವವನ ಕೈ ಎಂಥದು, ಆ ಕೈಯನ್ನು ಊರು ಎಲ್ಲಿ ನಿಲ್ಲಿಸುತ್ತದೆ ಎನ್ನುವುದು ನಮಗೆ ಪುಸ್ತಕ ಓದಿ ತಿಳಿದದ್ದಲ್ಲ.

ಮೊದಲು ವಿಷಯ ಏನೆಂದು ನೋಡೋಣ. ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ಬಾಂಟು ಭಾಷೆಗಳಲ್ಲಿ 'ಎನ್‌ಗೋಮ' ಎಂಬ ಮಾತಿದೆ. ಎನ್‌ಗೋಮ ಅಂದರೆ ಡೋಲು. ಎನ್‌ಗೋಮ ಅಂದರೆ ಹಾಡು, ಕುಣಿತ. ಹಲವು ಕಡೆ ಎನ್‌ಗೋಮ ಅಂದರೆ ಕಾಯಿಲೆ ಬಿದ್ದವರ ಸುತ್ತ ಜನ ಸೇರಿ ಅವರನ್ನು ಎತ್ತಿ ನಿಲ್ಲಿಸುವ ಕೂಟವೂ ಹೌದು. ಮದ್ದಿಗೆ ಒಂದು ಮಾತು, ಹಾಡಿಗೆ ಒಂದು ಮಾತು, ಜನ ಸೇರುವುದಕ್ಕೆ ಇನ್ನೊಂದು ಮಾತು ಅಂತ ಅವರು ಬೇರೆ ಮಾಡಿಟ್ಟಿಲ್ಲ. ಬೇರೆ ಮಾಡಿದ್ದು ಆಮೇಲೆ ಬಂದ ಆಸ್ಪತ್ರೆ, ಆಮೇಲೆ ಬಂದ ಚರ್ಚು, ಆಮೇಲೆ ಬಂದ ಸಂಗೀತ ಕಛೇರಿ.

ಉತ್ತರ ಮಲಾವಿಯ ತುಂಬುಕ ಜನರಲ್ಲಿ ವಿಂಬುಜ ಎಂಬ ಕುಣಿತವಿದೆ. ಹತ್ತೊಂಬತ್ತನೇ ಶತಮಾನದ ನಡುವೆ, ಹೊರಗಿನಿಂದ ಬಂದವರು ತುಂಬುಕರನ್ನು ಗೆದ್ದು ತುಳಿದ ಕಾಲದಲ್ಲಿ ಅದು ಬೆಳೆಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಪಾದ್ರಿಗಳು ಬೇಡ ಅಂದರೂ ಬೆಳೆಯಿತು. ಅಲ್ಲಿ ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ವೈದ್ಯ ನಡೆಸುವ 'ತೆಂಫಿರಿ' ಎಂಬ ಮನೆಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತಾರೆ. ರಾತ್ರಿ ಊರಿನ ಹೆಂಗಸರು ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಡೋಲಿನವರು ಒಂದೊಂದೇ ಗತ್ತನ್ನು ಬಡಿದು ನೋಡುತ್ತಾರೆ. ಯಾವ ಗತ್ತಿಗೆ ರೋಗಿಯ ಮೈ ಅಲುಗಿತೋ ಆ ಗತ್ತಿನ ಆತ್ಮವೇ ಅವಳನ್ನು ಹಿಡಿದಿರುವುದು ಎಂದು ಗುರುತಿಸುತ್ತಾರೆ. ಡಾಕ್ಟರು ನಾಡಿ ಹಿಡಿದು ನೋಡಿದ ಹಾಗೆ ಅವರು ಡೋಲು ಹಿಡಿದು ನೋಡುತ್ತಾರೆ.

ಆ ಆತ್ಮಗಳು ಯಾರವು? ಎಲ್ಲವೂ ಅವರ ಅಜ್ಜ ಮುತ್ತಜ್ಜಂದಿರವಲ್ಲ. ತುಂಬುಕರ ನೆಲಕ್ಕೆ ನುಗ್ಗಿದ ಎನ್‌ಗೋನಿಗಳ ಆತ್ಮಗಳೂ ಆ ಸಾಲಿನಲ್ಲಿವೆ. ಗೆದ್ದವನು ಸತ್ತ ಮೇಲೂ ಸೋತವನ ಮೈಯೊಳಗೆ ಹೊಕ್ಕು ಕಾಡುತ್ತಾನೆ. ಇದು ಕಥೆಯೋ ಮನಶ್ಶಾಸ್ತ್ರವೋ ನೀವೇ ಹೇಳಿ. ನಮಗಂತೂ ಇದು ಇತಿಹಾಸ. ಬರೆಯಲು ಬಾರದವರ ಮೈ ಬರೆದಿಟ್ಟುಕೊಂಡ ಇತಿಹಾಸ.

ಸುಡಾನಿನ ಹಳ್ಳಿಗಳ 'ಜಾರ್' ಕೂಟ ನೋಡಿ. ಅಲ್ಲಿಯೂ ಹೆಂಗಸರೇ. ಹಡೆದು ಹಡೆದು ಸೋತವರು, ಮಗು ಆಗಲಿಲ್ಲ ಅಂತ ಮಾತು ಕೇಳಿಸಿಕೊಂಡವರು, ಸವತಿ ಬಂದವರು. ಅವರ ಮೈಮೇಲೆ ಬರುವ ಆತ್ಮಗಳಲ್ಲಿ ತುರ್ಕಿ ಪಾಷಾ ಇದ್ದಾನೆ, ಬಿಳಿ ಸಾಹೇಬ ಇದ್ದಾನೆ. ಗಂಡನ ಎದುರು ಬಾಯಿ ಬಿಡಲಾಗದ ಹೆಂಗಸು ಆತ್ಮದ ಬಾಯಲ್ಲಿ ಕೇಳುತ್ತಾಳೆ: ನನಗೆ ಹೊಸ ಬಟ್ಟೆ ಬೇಕು, ಚಿನ್ನ ಬೇಕು, ಕೆಲಸದಿಂದ ಬಿಡುವು ಬೇಕು. ತಾನಾಗಿ ಕೇಳಿದರೆ ಏಟು. ಆತ್ಮ ಕೇಳಿದರೆ ಗಂಡ ಕೈ ಕಟ್ಟಿ ನಿಲ್ಲುತ್ತಾನೆ. ಇದನ್ನು ನೋಡಿ ನಗುವ ವಿದ್ಯಾವಂತರಿಗೆ ಒಂದು ಮಾತು: ಆ ಹೆಂಗಸಿಗೆ ನೀವು ಬೇರೆ ಯಾವ ಬಾಯಿ ಕೊಟ್ಟಿದ್ದಿರಿ ಸ್ವಾಮಿ?

ಪಶ್ಚಿಮ ಆಫ್ರಿಕಾದ ನೈಜರಿನಲ್ಲಿ 1925ರ ಸುಮಾರಿಗೆ 'ಹೌಕಾ' ಎಂಬ ಪಂಥ ಹುಟ್ಟಿತು. ಕೂಲಿ ಹುಡುಕಿಕೊಂಡು ಹೋದವರ ಜೊತೆ ಅದು ಗೋಲ್ಡ್ ಕೋಸ್ಟಿಗೂ, ಅಂದರೆ ಇಂದಿನ ಘಾನಾಕ್ಕೂ ಹೋಯಿತು. ಅವರ ಮೈಮೇಲೆ ಬರುತ್ತಿದ್ದದ್ದು ಗವರ್ನರು, ಸೈನ್ಯದ ಅಧಿಕಾರಿ, ರೈಲು ಓಡಿಸುವವನು. ಹಗಲು ಮೂಟೆ ಹೊತ್ತು ಬೈಗುಳ ತಿಂದ ಕೂಲಿಯವನು ಭಾನುವಾರ ಬಾಯಲ್ಲಿ ನೊರೆ ಉಕ್ಕಿಸಿಕೊಂಡು ಗವರ್ನರನಾಗಿ ಮೆರೆಯುತ್ತಿದ್ದ. ಫ್ರೆಂಚ್ ಸಿನಿಮಾದವ ಜಾನ್ ರೂಶ್ ಅಕ್ರಾದಲ್ಲಿ ಇದನ್ನು ಚಿತ್ರೀಕರಿಸಿ 1955ರಲ್ಲಿ ಹೊರತಂದಾಗ ಬ್ರಿಟಿಷ್ ಸರ್ಕಾರ ಆ ಚಿತ್ರವನ್ನು ನಿಷೇಧಿಸಿತು. ಬರೀ ಮೂಢನಂಬಿಕೆಯಾಗಿದ್ದರೆ ಒಡೆಯನಿಗೆ ಯಾಕಷ್ಟು ಹೆದರಿಕೆ? ಕರಿಯನ ಮೈಯಲ್ಲಿ ತನ್ನ ಮುಖ ಕಂಡು ಹೆದರಿದ, ಅಷ್ಟೇ.

ಆದರೂ ನಮ್ಮ ಪ್ರಗತಿಪರ ಗೆಳೆಯರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಮೈಮೇಲೆ ಬರುವುದು, ಕುಣಿಯುವುದು, ದೆವ್ವ ಭೂತ ಇವೆಲ್ಲ ಮೌಢ್ಯ, ಇದನ್ನು ಹೊಗಳಿ ಬರೆಯೋದು ಪುರೋಹಿತಶಾಹಿಗೆ ಹಿಂಬಾಗಿಲು ತೆರೆದ ಹಾಗೆ ಅನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆ ನಿಲ್ಲಿಸಿ ಎಂದು ಹೋಗಿ ಏಟು ತಿಂದದ್ದು ನಮ್ಮ ಚಳುವಳಿಯೇ. ದೇವರ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದರ ವಿರುದ್ಧ ಊರೂರು ತಿರುಗಿದ್ದೂ ನಮ್ಮ ಚಳುವಳಿಯೇ. ಆದ್ದರಿಂದ ಕುಣಿತ ಎಂದ ಕೂಡಲೇ ಕೈ ಮುಗಿಯುವ ಜನ ನಾವಲ್ಲ.

ಇದೇ ಮಾತನ್ನು ನಮಗಿಂತ ಮೊದಲು, ನಮಗಿಂತ ಕಟುವಾಗಿ ಹೇಳಿದವನು ಫ್ರಾಂಟ್ಜ್ ಫ್ಯಾನನ್. ಮಾರ್ಟಿನಿಕ್ ದ್ವೀಪದಲ್ಲಿ ಹುಟ್ಟಿದ ಕರಿಯ. ಮನೋವೈದ್ಯ. 1953ರಿಂದ 1956ರವರೆಗೆ ಅಲ್ಜೀರಿಯಾದ ಬ್ಲಿದಾ ಆಸ್ಪತ್ರೆಯಲ್ಲಿ ದುಡಿದು, ಚಿತ್ರಹಿಂಸೆ ಕೊಡುವ ಸರ್ಕಾರದ ಚಾಕರಿ ಬೇಡವೆಂದು ರಾಜೀನಾಮೆ ಎಸೆದು ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದವನು. 1961ರಲ್ಲಿ ಬಂದ ತನ್ನ ಕೊನೆಯ ಪುಸ್ತಕದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಆಳಿಸಿಕೊಳ್ಳುವವನ ಮೈಯಲ್ಲಿ ಸಿಟ್ಟು ಗಂಟುಗಟ್ಟಿರುತ್ತದೆ. ಒಡೆಯನ ಮೇಲೆ ಹೋಗಬೇಕಾದ ಆ ಸಿಟ್ಟನ್ನು ಅವನು ರಾತ್ರಿಯಿಡೀ ಕುಣಿದು, ಮೈದುಂಬಿ, ಕಕ್ಕಿ ಖಾಲಿ ಮಾಡಿಕೊಳ್ಳುತ್ತಾನೆ. ಬೆಳಗಾದರೆ ಊರು ಶಾಂತ. ಒಡೆಯನೂ ನಿಶ್ಚಿಂತ. ಹೋರಾಟ ಶುರುವಾದ ಮೇಲೆ ಜನ ಈ ಕುಣಿತಗಳನ್ನು ತಾವಾಗಿಯೇ ಬಿಡುತ್ತಾರೆ.

ಈ ಮಾತನ್ನು ತಳ್ಳಿಹಾಕುವ ಧೈರ್ಯ ಯಾರಿಗಿದೆ? ಕುಣಿದು ಹಗುರಾದ ತುಂಬುಕ ಹೆಂಗಸು ಮರುದಿನ ಅದೇ ಹೊಲಕ್ಕೆ, ಅದೇ ಗಂಡನ ಮನೆಗೆ ಹೋಗುತ್ತಾಳೆ. ಗವರ್ನರನಾಗಿ ಮೆರೆದ ಹೌಕಾ ಕೂಲಿ ಸೋಮವಾರ ಅದೇ ಮೂಟೆಗೆ ಬೆನ್ನು ಕೊಡುತ್ತಾನೆ. ಫ್ಯಾನನ್ ನೋಡಿದ್ದು ಸುಳ್ಳಲ್ಲ.

ಆದರೆ ಫ್ಯಾನನ್ ಪೂರ್ತಿ ನೋಡಲಿಲ್ಲ ಎಂದೇ ನಾವು ಹೇಳುತ್ತೇವೆ. ನೆಲಕ್ಕೆ ಬಿದ್ದವನು ಹೋರಾಡಲಾರ. ಮೊದಲು ಎದ್ದು ಕೂರಬೇಕು. ನಾನೊಬ್ಬನೇ ಕೆಟ್ಟವನಲ್ಲ, ನನ್ನ ಪಾಪದಿಂದ ಇದು ಬಂದದ್ದಲ್ಲ, ನನ್ನನ್ನು ಹಿಡಿದದ್ದಕ್ಕೆ ಒಂದು ಹೆಸರಿದೆ, ಆ ಹೆಸರು ಹೊರಗಿನದು ಅಂತ ಅವನಿಗೆ ಗೊತ್ತಾಗಬೇಕು. ಕರ್ಮ ಸಿದ್ಧಾಂತ ನಮಗೆ ಹೇಳಿದ್ದೇನು? ನಿನ್ನ ನೋವಿಗೆ ನೀನೇ ಕಾರಣ. ವಿಂಬುಜದ ಡೋಲು ಹೇಳುವುದೇನು? ನಿನ್ನ ನೋವಿಗೆ ಕಾರಣ ಹೊರಗಿನಿಂದ ಬಂದಿದೆ, ಬಾ, ಅದರ ಹೆಸರು ಹುಡುಕೋಣ. ಈ ಎರಡರ ನಡುವೆ ಇರುವ ದೂರ ಸಣ್ಣದಲ್ಲ.

ಸುಡಾನಿನಲ್ಲಿಯೇ ನೋಡಿ. 1989ರಲ್ಲಿ ಕ್ರಾಂತಿ ಅಂತ ಹೇಳಿಕೊಂಡು ಬಂದ ಸೇನಾ ಸರ್ಕಾರ ಧರ್ಮದ ಹೆಸರಲ್ಲಿ ಹೆಂಗಸರ ಉಡುಪು, ನಡಿಗೆ, ಜಾರ್ ಕೂಟ ಎಲ್ಲದರ ಮೇಲೆ ಕಣ್ಣಿಟ್ಟಿತು. 2018ರ ಡಿಸೆಂಬರಿನಲ್ಲಿ ಜನ ಬೀದಿಗೆ ಇಳಿದಾಗ ಮುಂದೆ ನಿಂತವರು ಅದೇ ಹೆಂಗಸರು. ಮೆರವಣಿಗೆ ಹೊರಡುವ ಹೊತ್ತಿಗೆ ಸೂಚನೆ ಯಾವುದು? ಮದುವೆ ಮನೆಯಲ್ಲಿ ಹೆಂಗಸರು ನಾಲಗೆ ಆಡಿಸಿ ಹೊರಡಿಸುವ 'ಜಗ್ರೂದಾ' ಎಂಬ ಕೂಗು. ಆ ಕೂಗಿಗೆ ಬೀದಿ ತುಂಬಿತು. 2019ರ ಏಪ್ರಿಲಿನಲ್ಲಿ ಮೂವತ್ತು ವರ್ಷದ ಸರ್ವಾಧಿಕಾರಿ ಬಶೀರ್ ಕುರ್ಚಿಯಿಂದ ಇಳಿದ. ಆಮೇಲೆ ಸೇನೆ ಆ ಕ್ರಾಂತಿಗೆ ಬಗೆದ ದ್ರೋಹ, 2023ರಲ್ಲಿ ಹತ್ತಿದ ಯುದ್ಧ, ಅದು ಬೇರೆ ನೋವು. ಹಾಡು ಬಿಟ್ಟು ಹೋರಾಟಕ್ಕೆ ಹೋಗಬೇಕು ಎನ್ನುವ ಲೆಕ್ಕ ಅಲ್ಲಿ ತಪ್ಪಾಯಿತು. ಜನ ಹಾಡನ್ನು ಹೊತ್ತುಕೊಂಡೇ ಹೋದರು.

ಇನ್ನು 'ವಿಜ್ಞಾನ'ದ ಮಾತು. ಕೀನ್ಯಾದಲ್ಲಿ ಕ್ಯಾರೊಥರ್ಸ್ ಎಂಬ ಬಿಳಿಯ ಮನೋವೈದ್ಯನಿದ್ದ. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅವನ ಪುಸ್ತಕ, ಆಫ್ರಿಕಾದ ಮನುಷ್ಯನನ್ನು ಮಿದುಳಿನ ಮುಂಭಾಗ ಕತ್ತರಿಸಿದ ಯುರೋಪಿನ ರೋಗಿಗೆ ಹೋಲಿಸಿತು. ಇವನು ವಿಜ್ಞಾನಿ! ಮರುವರ್ಷ ಸರ್ಕಾರದ ಮಾತಿನ ಮೇಲೆ ಮಾವು ಮಾವು ಹೋರಾಟವನ್ನೂ ಮನಸ್ಸಿನ ಕಾಯಿಲೆಯ ಹಾಗೆ ಬರೆದುಕೊಟ್ಟ. ಭೂಮಿ ಕಿತ್ತುಕೊಂಡವರಿಗೆ ಕಾಯಿಲೆ ಇಲ್ಲ, ಕೊಡು ಅಂದವರಿಗೆ ಕಾಯಿಲೆ. ಬಿಳಿ ಕೋಟು ಹಾಕಿಕೊಂಡ ಮೌಢ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ವರ್ಷಗಳಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ನೈಜೀರಿಯಾದ ಅಬೆಯೊಕುಟದಲ್ಲಿ ಥಾಮಸ್ ಅಡೆಯೋಯೆ ಲಾಂಬೊ ಎಂಬ ಕರಿಯ ವೈದ್ಯ 1954ರಲ್ಲಿ ಆರೋ ಆಸ್ಪತ್ರೆಯ ರೋಗಿಗಳನ್ನು ಗೋಡೆಯೊಳಗೆ ಕೂಡಿಹಾಕದೆ ಸುತ್ತಲಿನ ಹಳ್ಳಿಮನೆಗಳಲ್ಲಿ ನೆಂಟರ ಜೊತೆ ಇರಿಸಿದ. ನಾಟಿ ವೈದ್ಯರನ್ನು ಜೊತೆಗೆ ಕರೆದುಕೊಂಡ. ಆದರೆ ಇಂಜೆಕ್ಷನ್ನು, ಮಾತ್ರೆ ಬಿಡಲಿಲ್ಲ. ಸೆನೆಗಲ್‌ನ ಡಾಕರಿನ ಫಾನ್ ಆಸ್ಪತ್ರೆಯಲ್ಲಿ ಹೆನ್ರಿ ಕೊಲಂಬ್ ಎಂಬ ಫ್ರೆಂಚ್ ವೈದ್ಯ ಅಲ್ಲಿನ ಲೆಬು ಜನರ 'ಎನ್‌ಡೆಪ್' ಚಿಕಿತ್ಸೆ ನಡೆಸುವವರ ಹತ್ತಿರ ಕೂತು ಕಲಿತ. ಎನ್‌ಡೆಪ್‌ನಲ್ಲಿ ರೋಗಿಯನ್ನು ಕಾಡುವ ಆತ್ಮದ ಹೆಸರನ್ನು ಪತ್ತೆ ಮಾಡುತ್ತಾರೆ. ಹಲವು ದಿನ ಡೋಲು ಬಡಿದು ಬೀದಿಯಲ್ಲಿ ಎಲ್ಲರೆದುರು ಕುಣಿಸಿ, ಆ ಆತ್ಮಕ್ಕೆ ಮನೆಯಲ್ಲೇ ಒಂದು ಜಾಗ ಕೊಟ್ಟು ಕೂರಿಸುತ್ತಾರೆ. ಕಾಯಿಲೆಯವಳನ್ನು ಬಚ್ಚಿಡುವುದಿಲ್ಲ. ಕೇರಿಯೆಲ್ಲ ಬಂದು ನೋಡುತ್ತದೆ. ಆಮೇಲೆ ಅವಳು ಹುಚ್ಚಿ ಅಲ್ಲ, ಎನ್‌ಡೆಪ್ ಮುಗಿಸಿಕೊಂಡವಳು.

ಇಷ್ಟು ಹೇಳಿ ಇಲ್ಲಿಗೇ ನಿಲ್ಲಿಸಿದರೆ ನಾವೂ ಆಫ್ರಿಕಾವನ್ನು ಮಾರುವವರ ಸಾಲಿಗೆ ಸೇರುತ್ತೇವೆ. ಆ ಎನ್‌ಡೆಪ್‌ಗೆ ಡೋಲು ಬಡಿಯುವವರು ಯಾರು? 'ಗೆವೆಲ್' ಎಂಬ ಕುಲದವರು. ಹುಟ್ಟಿನಿಂದ ಡೋಲಿನವರು, ಹೊಗಳುಭಟರು. ಅವರ ಡೋಲು ಬೇಕು, ನಾಲಗೆ ಬೇಕು, ಅವರ ಮನೆಯ ಹೆಣ್ಣು ಬೇಡ. ಮೇಲಿನ 'ಗೇರ್' ಕುಲದವರು ಇವರ ಜೊತೆ ಮದುವೆ ಸಂಬಂಧಕ್ಕೆ ಇವತ್ತಿಗೂ ಹಿಂಜರಿಯುತ್ತಾರೆ. ಹಿಂದೆ ಸೆನೆಗಲ್‌ನ ಹಲವು ಕಡೆ ಇವರ ಹೆಣವನ್ನು ಮಣ್ಣಿಗೆ ಇಡಲು ಬಿಡುತ್ತಿರಲಿಲ್ಲ. ಇವರ ಹೆಣ ಸೋಕಿದರೆ ಭೂಮಿ ಬಂಜೆಯಾಗುತ್ತದಂತೆ! ಪೊಳ್ಳಾದ ಬಾವೊಬಾಬ್ ಮರದ ಹೊಟ್ಟೆಯೊಳಗೆ ತುರುಕುತ್ತಿದ್ದರು. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಅದನ್ನು ನಿಲ್ಲಿಸಬೇಕಾಯಿತು.

ಓದುವ ಗೆಳೆಯರೇ, ಇದು ಎಲ್ಲೋ ಕೇಳಿದ ಕಥೆ ಅನ್ನಿಸುವುದಿಲ್ಲವೇ? ಇಡೀ ಊರಿನ ಕಾಯಿಲೆ ಬಿಡಿಸುವ ಕೈಗೆ ಆ ಊರಿನ ಮಣ್ಣಿನಲ್ಲಿ ಮೂರಡಿ ಜಾಗವಿಲ್ಲ. ಮಾರಿಹಬ್ಬಕ್ಕೆ ತಮಟೆ ಬೇಕು, ಹೆಣದ ಮುಂದೆ ತಮಟೆ ಬೇಕು, ತಮಟೆಯವನು ಮಾತ್ರ ಗುಡಿಯ ಮೆಟ್ಟಿಲು ಹತ್ತಬಾರದು. ಕರಿಯರೆಲ್ಲ ಒಂದೇ, ಅಲ್ಲಿ ಮೇಲು ಕೀಳಿಲ್ಲ ಅಂತ ಹಾಡಿ ಕುಣಿಯುವವರು ಬಾವೊಬಾಬ್ ಮರದ ಹೊಟ್ಟೆಯೊಳಗೆ ಒಮ್ಮೆ ಇಣುಕಿ ನೋಡಲಿ.

ಡೋಲಿಗೆ ಹೆಣ್ಣಿನ ಮೈಲಿಗೆಯೂ ಇತ್ತು. ರುವಾಂಡಾದಲ್ಲಿ ಹೆಂಗಸು ಡೋಲು ಮುಟ್ಟುವ ಹಾಗಿರಲಿಲ್ಲ. 1994ರ ನರಮೇಧ ಮುಗಿದು ಹತ್ತು ವರ್ಷಕ್ಕೆ, 2004ರಲ್ಲಿ, ಒಡಿಲ್ ಗಕಿರೆ ಕಟೆಸೆ ಎಂಬ ರಂಗಕರ್ಮಿ 'ಇಂಗೋಮ ನ್‌ಶ್ಯ' ಎಂಬ ಹೆಂಗಸರ ಡೋಲಿನ ತಂಡ ಕಟ್ಟಿದಳು. ಹೆಸರಿನ ಅರ್ಥ ಹೊಸ ಡೋಲು. ಗಂಡನನ್ನು ಕಳೆದುಕೊಂಡ ಟುಟ್ಸಿ ಹೆಂಗಸೂ, ಕೊಂದವರ ಕಡೆಯ ಹುಟು ಹೆಂಗಸೂ ಒಂದೇ ಸಾಲಿನಲ್ಲಿ ನಿಂತು ಬಡಿದರು. ಅಲ್ಲಿ ಡೋಲು ಯಾಕೆ ಮದ್ದಾಯಿತು? ಹಳೆಯ ಸಂಪ್ರದಾಯ ಕಾಪಾಡಿದ್ದಕ್ಕಲ್ಲ, ಮುರಿದದ್ದಕ್ಕೆ. ಇದನ್ನು ನಮ್ಮ ಜಾನಪದ ಪಂಡಿತರು ಗಟ್ಟಿಯಾಗಿ ಬರೆದಿಟ್ಟುಕೊಳ್ಳಲಿ.

ಕಲಹರಿ ಮರುಭೂಮಿಯ ಸಾನ್ ಜನರದು ಇನ್ನೊಂದು ದಾರಿ. ಅವರ ಮುಖ್ಯ ಮದ್ದಿನ ಕುಣಿತಕ್ಕೆ ಡೋಲೇ ಬೇಡ. ರಾತ್ರಿ ಬೆಂಕಿಯ ಸುತ್ತ ಹೆಂಗಸರು ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಕಾಲಿಗೆ ಗಿಲಕಿ ಕಟ್ಟಿದ ಗಂಡಸರು ಅವರ ಸುತ್ತ ತುಳಿದು ತುಳಿದು ಬೆಳಗಿನವರೆಗೆ ಕುಣಿಯುತ್ತಾರೆ. ಮೈ ಕಾದವರು ಒಬ್ಬೊಬ್ಬರ ಮೇಲೂ ಕೈಯಿಟ್ಟು ಕಾಯಿಲೆ ಎಳೆದು ತೆಗೆಯುತ್ತಾರೆ. ಕಾಯಿಲೆ ಇದ್ದವರಿಗೆ ಮಾತ್ರವಲ್ಲ, ಬಂದು ಕೂತ ಎಲ್ಲರಿಗೂ. ಬೆಳೆದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ ವೈದ್ಯರೇ. ಪೂಜಾರಿ ಕುಲ ಅಂತ ಒಂದಿಲ್ಲ, ದಕ್ಷಿಣೆಯ ತಟ್ಟೆಯಿಲ್ಲ. ಮದ್ದು ಯಾರಪ್ಪನ ಆಸ್ತಿಯೂ ಅಲ್ಲ ಎಂಬುದನ್ನು ಅವರು ಭಾಷಣ ಮಾಡದೆ ತೋರಿಸಿದ್ದಾರೆ. ಇಂಥ ಜನರಿಗೆ 'ನಾಗರಿಕ' ಸರ್ಕಾರ ಕೊಟ್ಟ ಉಡುಗೊರೆ ಏನು? ಬೋಟ್ಸ್ವಾನ ಸರ್ಕಾರ 1997ರಲ್ಲಿ, ಮತ್ತೆ 2002ರಲ್ಲಿ ಮಧ್ಯ ಕಲಹರಿ ಅಭಯಾರಣ್ಯದಿಂದ ಸಾನ್ ಕುಟುಂಬಗಳನ್ನು ಎತ್ತಿ ಹೊರಗೆ ಹಾಕಿತು. ಹೊರಗೆ ಹಾಕಿದ್ದು ಕಾನೂನಿಗೆ ವಿರುದ್ಧ ಎಂದು 2006ರ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟೇ ಹೇಳಬೇಕಾಯಿತು. ನೆಲ ಕಿತ್ತುಕೊಂಡು ಕುಣಿತವನ್ನು ಮಾತ್ರ ಪ್ರವಾಸಿಗಳಿಗೆ ತೋರಿಸುವುದನ್ನು ಏನೆಂದು ಕರೆಯಬೇಕು?

ಈ ಎನ್‌ಗೋಮ ಸಮುದ್ರ ದಾಟಿ ನಮ್ಮ ಕಡೆಗೂ ಬಂದಿದೆ, ಸರಪಳಿಯಲ್ಲಿ. ಅರಬರು, ಪೋರ್ಚುಗೀಸರು ಗುಲಾಮರಾಗಿ ತಂದವರ ಮಕ್ಕಳು ನಮ್ಮ ಸಿದ್ದಿಗಳು. ಗುಜರಾತಿನ ಸಿದ್ದಿಗಳ ಕುಣಿತದ ಹೆಸರು 'ಗೋಮಾ'. ಎನ್‌ಗೋಮ ಸವೆದು ಗೋಮಾ ಆಗಿದೆ. ಭರೂಚ್ ಜಿಲ್ಲೆಯ ರತನಪುರದಲ್ಲಿರುವ ಅವರ ಬಾವಾ ಗೋರ್ ದರ್ಗಾಕ್ಕೆ ಮೈಮೇಲೆ ಗಾಳಿ ಸೋಕಿದೆ ಅಂತ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಿನ ಸಿದ್ದಿಗಳು ಡಮಾಮಿ ಬಡಿಯುತ್ತಾರೆ. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮೊಮ್ಮಕ್ಕಳು. ಅವರನ್ನು ಪರಿಶಿಷ್ಟ ಪಂಗಡ ಎಂದು ಒಪ್ಪಲು ಈ ಸರ್ಕಾರಗಳಿಗೆ 2003ರವರೆಗೆ ಹೊತ್ತಾಯಿತು. ಉತ್ಸವದ ವೇದಿಕೆಗೆ ಕರೆಯಲು ಮಾತ್ರ ಅಷ್ಟು ಹೊತ್ತು ಬೇಕಾಗಲಿಲ್ಲ.

ವೇದಿಕೆಯ ಮಾತು ಬಂದಾಗ ಮೊರಾಕ್ಕೊದ ಗ್ನಾವಾಗಳನ್ನು ನೆನೆಯಬೇಕು. ಸಹಾರಾದ ಆಚೆಯಿಂದ ಹಿಡಿದು ತಂದ ಗುಲಾಮರ ಸಂತತಿ. ಮೂರು ತಂತಿಯ ಗಿಂಬ್ರಿ, ಕಬ್ಬಿಣದ ಚಿಟಿಕೆ ಹಿಡಿದು ರಾತ್ರಿಯಿಡೀ 'ಲೀಲಾ' ನಡೆಸಿ ಕಾಡುವ ಆತ್ಮಗಳನ್ನು ಸಮಾಧಾನ ಮಾಡುವವರು. 1998ರಿಂದ ಎಸ್ಸವಿರಾ ಊರಿನಲ್ಲಿ ಅವರ ಹೆಸರಲ್ಲಿ ದೊಡ್ಡ ಉತ್ಸವ ನಡೆಯುತ್ತಿದೆ. 2019ರಲ್ಲಿ ಯುನೆಸ್ಕೊ ಅವರ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. 2008ರಲ್ಲಿ ವಿಂಬುಜವೂ ಆ ಪಟ್ಟಿಗೆ ಸೇರಿತ್ತು. ಆಗಲಿ, ಗೌರವ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಪಟ್ಟಿಗೆ ಸೇರಿದ್ದು ಕುಣಿತ. ಅದನ್ನು ಹುಟ್ಟಿಸಿದ ಗುಲಾಮಗಿರಿ ಯಾವ ಪಟ್ಟಿಯಲ್ಲಿದೆ? ಗಾಯ ಮರೆತು ಮುಲಾಮಿಗೆ ಸನ್ಮಾನ ಮಾಡುವುದು ಒಡೆಯರ ಹಳೇ ಚಾಳಿ.

ಹಾಗಾದರೆ ಒಳ್ಳೆಯದು ಯಾವುದು, ಮೋಸ ಯಾವುದು ಅಂತ ತಿಳಿಯುವುದು ಹೇಗೆ? ಕಷ್ಟವೇನಲ್ಲ. ಬಿದ್ದವರನ್ನು ಅದು ಒಳಗೆ ಕರೆಯುತ್ತದೆಯೋ ಹೊರಗೆ ತಳ್ಳುತ್ತದೆಯೋ ನೋಡಿ. ಘಾನಾದ ಪ್ರಾರ್ಥನಾ ಶಿಬಿರಗಳಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಮರಕ್ಕೆ ಕಟ್ಟಿಹಾಕಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ದಾಖಲಿಸಿತು. ಅಲ್ಲಿಯೂ ಹಾಡಿತ್ತು. ಆದರೆ ಸರಪಳಿ ಹಾಕಿ ಹಾಡುವುದು ಮದ್ದಲ್ಲ. ಬಡಿದ ಕೈಗೆ ಏನು ಸಿಕ್ಕಿತು ನೋಡಿ. ಕೂಲಿಯೇ, ಗೌರವವೇ, ಬಾವೊಬಾಬ್ ಮರದ ಪೊಟರೆಯೇ? ಕೊನೆಯದಾಗಿ, ಅದು ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆಯೇ ನೋಡಿ. ಮೂರ್ಛೆಗೆ ಮಾತ್ರೆ ಬೇಕು, ಮಲೇರಿಯಾಕ್ಕೆ ಮಾತ್ರೆ ಬೇಕು. ಅಲ್ಲಿ ಡೋಲು ಬಡಿಯುತ್ತಾ ಕೂರುವುದು ಕೊಲೆ.

ದಕ್ಷಿಣ ಆಫ್ರಿಕಾ ಆ ಪಾಠವನ್ನು ಹೆಣ ಎಣಿಸಿ ಕಲಿಯಿತು. ಎಂಬೆಕಿ ಅಧ್ಯಕ್ಷನಾಗಿದ್ದಾಗ ಏಡ್ಸ್ ಬರುವುದು ವೈರಸ್ಸಿನಿಂದಲೇ ಎಂಬುದನ್ನೇ ಅನುಮಾನಿಸಿದ. ಅವನ ಆರೋಗ್ಯ ಮಂತ್ರಿ ಬೆಳ್ಳುಳ್ಳಿ, ಬೀಟ್‌ರೂಟ್ ತಿನ್ನಿ ಅಂದಳು. ಆಫ್ರಿಕಾದ ಸ್ವಾಭಿಮಾನದ ಹೆಸರಿನಲ್ಲಿ ಮಾತ್ರೆ ತಡೆದರು. ಇದರಿಂದ 2000ದಿಂದ 2005ರೊಳಗೆ 3,30,000ಕ್ಕೂ ಹೆಚ್ಚು ಜೀವ ಹೋಯಿತು ಎಂದು ಹಾರ್ವರ್ಡಿನ ಸಂಶೋಧಕರು 2008ರಲ್ಲಿ ಲೆಕ್ಕ ಕೊಟ್ಟರು. ಸಂಪ್ರದಾಯ ಅಧಿಕಾರದ ಕೈಗೆ ಸಿಕ್ಕರೆ ಹೀಗೂ ಕೊಲ್ಲುತ್ತದೆ.

ಆದರೆ ಆ ಜನ ಏನು ಮಾಡಿದರು? 1998ರ ಡಿಸೆಂಬರಿನಲ್ಲಿ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಹುಟ್ಟಿತು. 'ನಾನು ಎಚ್‌ಐವಿ ಪಾಸಿಟಿವ್' ಅಂತ ಎದೆಯ ಮೇಲೆ ಅಂಗಿಯಲ್ಲೇ ಬರೆದುಕೊಂಡು ಬೀದಿಗೆ ಬಂದರು. ಬಂದು ಏನು ಮಾಡಿದರು? ಕುಣಿದರು. ಬಿಳಿಯರ ಬಂದೂಕಿನ ಎದುರು 1980ರ ದಶಕದಲ್ಲಿ ತಾವೇ ತುಳಿದಿದ್ದ 'ಟೊಯಿ-ಟೊಯಿ' ಕುಣಿತವನ್ನು ಈಗ ಮಾತ್ರೆಗಾಗಿ ತುಳಿದರು. ಊರು ಹೊರಗಿಟ್ಟವರು, ಮನೆ ಹೊರಗಿಟ್ಟವರು ಒಬ್ಬರ ಹೆಗಲಿಗೊಬ್ಬರು ತಾಗಿ ಹಾಡಿದರು. ಆ ಕ್ಷಣದಲ್ಲೇ ಅರ್ಧ ಕಾಯಿಲೆ, ಅಂದರೆ ನಾಚಿಕೆ ಎನ್ನುವ ಕಾಯಿಲೆ, ಬಿಟ್ಟಿತು. ಇನ್ನರ್ಧಕ್ಕೆ ಕೋರ್ಟಿಗೆ ಹೋದರು. ತಾಯಿಯಿಂದ ಮಗುವಿಗೆ ರೋಗ ಹರಡದಂತೆ ತಡೆಯುವ ಔಷಧಿ ಕೊಡಲೇಬೇಕು ಎಂದು 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಸರ್ಕಾರಕ್ಕೆ ಆಜ್ಞೆ ಮಾಡಿತು. ಕುಣಿತವೂ ಗೆದ್ದಿತು, ಮಾತ್ರೆಯೂ ಬಂತು.

ಫ್ಯಾನನ್‌ನ ಪ್ರಶ್ನೆಗೆ ಇದೇ ಉತ್ತರ. ಮೌಢ್ಯ ಎಂದು ಮೂಗು ಮುರಿಯುವವರಿಗೂ ಇದೇ ಉತ್ತರ, ಥೆರಪಿ ಎಂದು ಟಿಕೆಟು ಹರಿಯುವವರಿಗೂ ಇದೇ ಉತ್ತರ. ಡೋಲು ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಬಲ್ಲದು. ನಿಂತ ಮೇಲೆ ಅವನು ಯಾವ ಕಡೆ ನಡೆಯಬೇಕು ಎಂಬುದನ್ನು ಡೋಲು ತೀರ್ಮಾನಿಸುವುದಿಲ್ಲ, ಸಂಘಟನೆ ತೀರ್ಮಾನಿಸುತ್ತದೆ. ಆ ನಡಿಗೆಯಲ್ಲಿ ಡೋಲು ಬಡಿಯುವವನು ಹಿಂದೆ ನಿಂತು ಎಂಜಲೆಲೆಗೆ ಕಾಯುವವನಾಗಿರಬಾರದು. ಸಾಲಿನ ಮುಂದೆ ಇರಬೇಕು. ಅವನ ಕೈಯ ಗಾಯ ಮಾಯುವವರೆಗೆ ಯಾವ ಊರಿನ ಕಾಯಿಲೆಯೂ ವಾಸಿಯಾಯಿತು ಎಂದು ನಾವು ಒಪ್ಪುವುದಿಲ್ಲ.